ಮಗುವಿಗೆ ಕಾಯಿಲೆ, ಮನೆ ಮೂರು ಪಾಲು

"ಎಲ್ಲಿಗಮ್ಮ ಹೊರಟಿದ್ದು?" ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಮಗುವಿನ ತಲೆಗೆ ಟವೆಲು ಸುತ್ತಿ ಕೂತ ತಾಯಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. "ಕಿದ್ವಾಯಿಗೆ" ಎಂದರೆ ಪಕ್ಕದವರ ಮಾತು ಅಲ್ಲಿಗೇ ನಿಂತುಹೋಗುತ್ತದೆ. "ಬೆಂಗಳೂರಿಗೆ, ನೆಂಟರ ಮನೆಗೆ" ಎಂದುಬಿಟ್ಟರೆ ಹೇಗೋ ದಾರಿ ಸಾಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಡವರಿಗೆ ಕ್ಯಾನ್ಸರ್ ಎಂದರೆ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯೇ. 1973ರಲ್ಲಿ ಆರಂಭವಾದ ಸಂಸ್ಥೆ ಅದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದರ ಸಾಮಾನ್ಯ ಬಗೆಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಮೊದಲು ಅಲ್ಲೇ ಠಿಕಾಣಿ, ಆಮೇಲೆ ಬಸ್ಸಿನ ಓಡಾಟ.

ಆ ಹೊತ್ತಿಗೆ ಮನೆ ಮೂರು ಪಾಲಾಗಿರುತ್ತದೆ. ತಾಯಿ ಆಸ್ಪತ್ರೆಯಲ್ಲಿ, ತಂದೆ ಊರಲ್ಲಿ ಅಂಗಡಿಯಲ್ಲೋ ಕೂಲಿಯಲ್ಲೋ, ಇನ್ನೊಂದು ಮಗು ಅಜ್ಜಿಯ ಮನೆಯಲ್ಲಿ. ಈ ಇನ್ನೊಂದು ಮಗುವಿನ ಪಾಡು ಕೇಳುವವರೇ ಇಲ್ಲ. "ನಿನಗೇನೋ ಆಗಿರೋದು, ಗುಂಡುಕಲ್ಲಿನಂಗಿದೀಯ" ಎಂದು ಗದರಿ ಸುಮ್ಮನಾಗಿಸುತ್ತಾರೆ. ತಾನು ತಮ್ಮನ ಜೊತೆ ಜಗಳವಾಡಿ ಬೈದಿದ್ದಕ್ಕೇ ಹೀಗಾಯಿತೋ ಏನೋ ಎಂಬ ಭಯ ಎದೆಯಲ್ಲಿ ಕೂತಿದ್ದರೂ, ಪಾಪ, ಆ ಮಗು ಬಾಯಿಬಿಡುವುದಿಲ್ಲ.

ತಂದೆಯ ಕಥೆ ಬೇರೆ. ಗಿರಾಕಿಯ ಮುಂದೆ ಅಳುವಂತಿಲ್ಲ. ರಾತ್ರಿ ಫೋನಿನಲ್ಲಿ ಹೆಂಡತಿಗೆ ಧೈರ್ಯ ಹೇಳಲು ಹೋಗಿ ದುಡ್ಡಿನ ವಿಷಯಕ್ಕೆ ಜಗಳ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆಯುಂಟು, ನಿಜ. ಆದರೆ ತಪ್ಪಿದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡದು. 2023ರ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಪಾವಗಡದ ದಾರಿಯಲ್ಲಿ ಹೊತ್ತಿಗೆ ಸಿಕ್ಕಿದ್ದು ಖಾಸಗಿ ಬಸ್ಸಾದರೆ ಅವಳಿಗೂ ಟಿಕೆಟ್ಟೇ.

ನೆಂಟರಿಷ್ಟರ ಬಾಯಿ ಇವೆಲ್ಲಕ್ಕಿಂತ ದೊಡ್ಡ ಕಾಟ. ಬಸುರಿಯಲ್ಲಿ ಗ್ರಹಣ ನೋಡಿದಳಂತೆ ಎಂದು ತಾಯಿಯ ಮೇಲೇ ತಪ್ಪು ಹೊರಿಸುತ್ತಾರೆ. ಅಂಟುಜಾಡ್ಯವೇ ಅಲ್ಲದ ಕಾಯಿಲೆಗೆ ಹೆದರಿ ತಮ್ಮ ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ. ಹರಕೆಯ ಸಲಹೆಗಂತೂ ಲೆಕ್ಕವಿಲ್ಲ. ಮಧುಗಿರಿಯ ದಂಡಿನ ಮಾರಮ್ಮ, ಗೊರವನಹಳ್ಳಿ ಲಕ್ಷ್ಮಿ, ಪಾವಗಡದ ಶನಿಮಹಾತ್ಮ, ಶಿರಾದ ಮಲ್ಲಿಕ್ ರೆಹಾನ್ ದರ್ಗಾ. ಹರಕೆಯಿಂದ ಕೆಡುಕೇನಿಲ್ಲ, ಮನಸ್ಸಿಗೆ ಧೈರ್ಯ ಬಂದರೆ ಬರಲಿ. ಕೆಡುಕಿರುವುದು ಅದರ ಮುಂದಿನ ಮಾತಿನಲ್ಲಿ.

ಮೊದಲ ತಿಂಗಳ ಔಷಧಿಗೇ ಎಷ್ಟೋ ಮಕ್ಕಳು ಎದ್ದು ಆಡತೊಡಗುತ್ತವೆ. "ವಾಸಿ ಆಯ್ತಲ್ಲ, ಮತ್ಯಾಕವ್ವ ಸೂಜಿ ಚುಚ್ಚಿಸ್ತೀಯ?" ಎನ್ನುತ್ತಾಳೆ ಅತ್ತೆ. ಸಾಲಕ್ಕೆ ಸೋತ ಗಂಡನೂ ತಲೆಯಾಡಿಸುತ್ತಾನೆ. ಹೀಗೆ ನಡುವೆ ಕೈಬಿಟ್ಟರೆ ಮೂಳೆಯ ಮಜ್ಜೆಯಲ್ಲಿ ಅಡಗಿದ್ದ ರೋಗ ಮತ್ತೆ ತಲೆಯೆತ್ತುತ್ತದೆ. ಎರಡನೆಯ ಸಲ ಅದು ಸುಲಭಕ್ಕೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30ಕ್ಕೂ ಕಡಿಮೆ. ಕಾರಣಗಳಲ್ಲಿ ಚಿಕಿತ್ಸೆ ಬಿಡುವುದೂ ಒಂದು.

ಬಿಡದೆ ಹಿಡಿದವರಿಗೂ ನಿದ್ದೆಯಿಲ್ಲ. ಔಷಧಿಯಿಂದ ಬಿಳಿರಕ್ತಕಣ ಇಳಿದಿರುವಾಗ ಜ್ವರ ಬಂದರೆ ತಡಮಾಡುವಂತಿಲ್ಲ. ಪಾವಗಡದಿಂದ ಬೆಂಗಳೂರು ಸುಮಾರು 150 ಕಿಲೋಮೀಟರು. ರಾತ್ರಿಯೆಲ್ಲ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ತಾಯಿ, ಚೀಲ ಕಟ್ಟಿ ಬಾಗಿಲ ಬಳಿ ಇಟ್ಟೇ ಮಲಗುತ್ತಾಳೆ.