ಮಕ್ಕಳನ್ನು ನಡೆಸುವವರಿಗೂ ಒಂದು ಪಾಠಶಾಲೆ

ಮುಂಬಯಿಯ ಕನ್ನಡಿಗರಲ್ಲಿ ಸಂಘ ಸಂಸ್ಥೆಗಳಿಗೆ ಕೊರತೆಯಿಲ್ಲ. ಅವುಗಳಿಗಾಗಿ ದುಡಿಯುವ ಕೈಗಳಿಗೂ ಕೊರತೆಯಿಲ್ಲ. ವಾರ್ಷಿಕೋತ್ಸವವೆಂದರೆ, ಯಕ್ಷಗಾನ ಕೂಟವೆಂದರೆ, ಪಾಳಿ ಮುಗಿಸಿ ಬಂದ ದಣಿವಿನಲ್ಲಿಯೂ ನಮ್ಮವರು ಚಪ್ಪರದ ಕಂಬ ಹಿಡಿಯಲು ನಿಲ್ಲುತ್ತಾರೆ. ಆದರೆ ಮಕ್ಕಳನ್ನು ಕೂಡಿಸಿ ನಡೆಸುವ ಕೆಲಸಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ಬೇರೆ ಶಿಕ್ಷಣವೇನೂ ಬೇಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ಬಾಲಚರ ಚಳವಳಿಯು ನೂರು ವರ್ಷಗಳಿಗೂ ಹಿಂದೆಯೇ ಕಂಡುಕೊಂಡಿತು.

ಬೇಡನ್ ಪೊವೆಲ್ ಅವರು ೧೯೦೭ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದರು. ಮರುವರ್ಷ ಅವರ ಪುಸ್ತಕ ಹೊರಬಂದೊಡನೆ ಊರೂರಿನಲ್ಲಿ ದಳಗಳು ಹುಟ್ಟಿಕೊಂಡವು. ಹುಡುಗರು ಸಿಕ್ಕರು, ಅವರನ್ನು ನಡೆಸಬಲ್ಲ ಹಿರಿಯರು ಸಿಗಲಿಲ್ಲ. ಕವಾಯತು ಮಾಡಿಸುವವರಿದ್ದರು, ಉಪದೇಶ ಮಾಡುವವರಿದ್ದರು. ಹುಡುಗರೊಡನೆ ಹುಡುಗರಾಗಿ ಬೆರೆಯುವವರು ವಿರಳವಾಗಿದ್ದರು. ೧೯೧೯ರಲ್ಲಿ ಮ್ಯಾಕ್‌ಲಾರೆನ್ ಎಂಬ ದಾನಿಯೊಬ್ಬರ ಹಣದಿಂದ ಲಂಡನ್ನಿನ ಬಳಿಯ ಗಿಲ್‌ವೆಲ್ ಉದ್ಯಾನವನ್ನು ಕೊಂಡು, ಆ ವರ್ಷದ ಸೆಪ್ಟೆಂಬರದಲ್ಲಿಯೇ ಹಿರಿಯರ ಮೊದಲ ಶಿಬಿರವನ್ನು ಅಲ್ಲಿ ನಡೆಸಲಾಯಿತು. ಶಿಕ್ಷಣ ಮುಗಿಸಿದವರಿಗೆ ಚಿನ್ನದ ಪದಕವನ್ನಲ್ಲ, ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳನ್ನು ಕೊಟ್ಟರು. ಬೇಡನ್ ಪೊವೆಲ್ಲರು ಆಫ್ರಿಕದಿಂದ ತಂದಿದ್ದ, ಜುಲು ಅರಸ ದಿನುಜುಲುವಿನದೆಂದು ಹೇಳಲಾದ ಸರದ ಮಣಿಗಳವು. ಇಂದಿಗೂ ಆ ಬಿರುದಿಗೆ ‘ವುಡ್ ಬ್ಯಾಡ್ಜ್’ ಎಂದೇ ಹೆಸರು. ನಮ್ಮ ದೇಶದಲ್ಲಿ ಅದು ‘ಹಿಮಾಲಯ ವುಡ್ ಬ್ಯಾಡ್ಜ್’ ಎನಿಸಿಕೊಂಡಿದೆ.

ಈ ಇತಿಹಾಸದಲ್ಲಿ ಕನ್ನಡ ನಾಡಿಗೆ ಹಿರಿಯ ಸ್ಥಾನವಿದೆ. ಭಾರತದ ಮೊದಲ ಸ್ಕೌಟ್ ದಳ ೧೯೦೯ರಲ್ಲಿ ಕ್ಯಾಪ್ಟನ್ ಬೇಕರರಿಂದ ಸ್ಥಾಪಿತವಾದುದು ಬೆಂಗಳೂರಿನಲ್ಲಿಯೇ. ಆದರೆ ಆಗ ಅದರ ಬಾಗಿಲು ಭಾರತೀಯ ಹುಡುಗರಿಗೆ ಮುಚ್ಚಿತ್ತು. ೧೯೧೬ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ನಮ್ಮ ಮಕ್ಕಳಿಗಾಗಿ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದರು. ಮದನಮೋಹನ ಮಾಲವೀಯ, ಹೃದಯನಾಥ ಕುಂಜರೂ ಮೊದಲಾದವರು ಉತ್ತರದಲ್ಲಿ ಸೇವಾ ಸಮಿತಿಯ ದಳಗಳನ್ನು ಬೆಳೆಸಿದರು. ಬೇರೆಬೇರೆಯಾಗಿದ್ದ ಸಂಸ್ಥೆಗಳು ೧೯೫೦ರ ನವೆಂಬರ ೭ರಂದು ಒಂದುಗೂಡಿ ‘ಭಾರತ ಸ್ಕೌಟ್ಸ್ ಮತ್ತು ಗೈಡ್ಸ್’ ಆಯಿತು. ಇದರ ರಾಷ್ಟ್ರೀಯ ಶಿಕ್ಷಣ ಕೇಂದ್ರ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ಕರ್ನಾಟಕದಲ್ಲಿ ದೊಡ್ಡಬಳ್ಳಾಪುರದಲ್ಲಿಯೂ ಕೊಂಡಜ್ಜಿಯಲ್ಲಿಯೂ ಶಿಬಿರಸ್ಥಾನಗಳಿವೆ. ೨೦೨೨ರ ಡಿಸೆಂಬರದಲ್ಲಿ ಮೂಡುಬಿದಿರೆಯಲ್ಲಿ ಜರುಗಿದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯನ್ನು ನಮ್ಮ ದಕ್ಷಿಣ ಕನ್ನಡದ ವಾಚಕರು ಮರೆತಿರಲಾರರು.

ಸ್ವಯಂಸೇವಕನಿಗೂ ಶಿಸ್ತಿನ ಶಿಕ್ಷಣ ಬೇಕೆಂಬ ಮಾತು ಪರದೇಶದ್ದು ಮಾತ್ರವಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ್ದು ಇದೇ ನಂಬಿಕೆಯಿಂದ. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಜಮನಾಲಾಲ ಬಜಾಜರ ಮುಂದಾಳುತನದ ಸತ್ಯಾಗ್ರಹಿಗಳ ಛಾವಣಿ ಇದ್ದುದು ನಮ್ಮ ವಿಲೆ ಪಾರ್ಲೆಯಲ್ಲಿಯೇ. ಶಿಬಿರ ಜೀವನದ ಶಿಸ್ತು ಈ ಮಣ್ಣಿಗೆ ಹೊಸತಲ್ಲ.

ಹಾಗಾದರೆ ಈ ಶಿಬಿರಗಳಲ್ಲಿ ಹಿರಿಯರು ಕಲಿಯುವುದೇನು? ಗಂಟು ಹಾಕುವುದು, ಡೇರೆ ಹೊಡೆಯುವುದು, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ—ಇವೆಲ್ಲ ಇವೆ. ಆದರೆ ತಿರುಳು ಬೇರೆ. ಶಿಬಿರಕ್ಕೆ ಬಂದ ಹಿರಿಯರನ್ನು ಆರೆಂಟು ಜನರ ತುಕಡಿಗಳನ್ನಾಗಿ ಮಾಡುತ್ತಾರೆ. ಅಧ್ಯಾಪಕನಿರಲಿ, ಅಧಿಕಾರಿಯಿರಲಿ, ಅಲ್ಲಿ ಅವನು ಹುಡುಗ. ಒಂದು ದಿನ ನೀರು ಹೊರುತ್ತಾನೆ, ಒಂದು ದಿನ ಪಾತ್ರೆ ಬೆಳಗುತ್ತಾನೆ, ಒಂದು ದಿನ ತುಕಡಿಯ ನಾಯಕನಾಗುತ್ತಾನೆ. ತನ್ನ ಮಾತನ್ನು ಇತರರು ಏಕೆ ಕೇಳಿದರು, ಏಕೆ ಕೇಳಲಿಲ್ಲ ಎಂಬುದನ್ನು ಅನುಭವದಿಂದ ಅರಿಯುತ್ತಾನೆ. ಶಿಬಿರ ಮುಗಿದೊಡನೆ ಮಣಿ ಕೊರಳಿಗೆ ಬೀಳುವುದಿಲ್ಲ. ಪ್ರಾಥಮಿಕ ಹಂತ, ಅದರ ಮೇಲಿನ ಹಂತ, ಅನಂತರ ಸ್ವಂತ ದಳದಲ್ಲಿ ಮಾಡಿ ತೋರಿಸಿದ ಕೆಲಸ—ಇಷ್ಟೂ ಒಪ್ಪಿಗೆಯಾಗಬೇಕು.

ನಮ್ಮ ಹೋಟೆಲಿನವರಿಗೆ ಇದರಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. ನಸುಕಿಗೆ ಏಳುವುದು, ಇನ್ನೂರು ಜನರಿಗೆ ಹೊತ್ತಿಗೆ ಸರಿಯಾಗಿ ಬಡಿಸುವುದು, ಚೊಕ್ಕಟ, ಲೆಕ್ಕ—ಇವು ನಮ್ಮವರಿಗೆ ಹೇಳಿಕೊಡಬೇಕಾದವಲ್ಲ. ಆದರೆ ಹೋಟೆಲಿನಲ್ಲಿ ಕೆಲಸ ಕಲಿತವನು ಹುಕುಮು ಕೇಳಿ ಕಲಿತವನು. ಕ್ಲೀನರನಿಗೆ ಸಪ್ಲಾಯರನ ಗದರಿಕೆ, ಸಪ್ಲಾಯರನಿಗೆ ಗಲ್ಲೆಯವರ ಗದರಿಕೆ. ಹಾಗೆ ಬೆಳೆದವನ ಕೈಗೆ ಇಪ್ಪತ್ತು ಹುಡುಗರನ್ನು ಕೊಟ್ಟರೆ, ಅವನಿಗೆ ಅರಿವಿಲ್ಲದಂತೆಯೇ ಅದೇ ಗದರಿಕೆ ನಾಲಗೆಗೆ ಬರುತ್ತದೆ. ಹನ್ನೆರಡರ ಹುಡುಗ ಕಟ್ಟಿಗೆಯ ಒಲೆಯ ಮೇಲೆ ಅನ್ನ ಸೀಯಿಸುತ್ತಿದ್ದರೆ ನಮ್ಮ ಅಡುಗೆ ಭಟ್ಟರ ಕೈ ಸೌಟಿನತ್ತ ತಾನಾಗಿ ಹೋಗುತ್ತದೆ. ಆ ಕೈಯನ್ನು ತಡೆದುಕೊಳ್ಳುವುದೇ ವಿದ್ಯೆ. ಸೀದ ಅನ್ನವನ್ನು ತುಕಡಿಯವರೆಲ್ಲ ಉಂಡರೆ ಮರುದಿನ ಆ ಹುಡುಗ ಉರಿ ತಗ್ಗಿಸಲು ಕಲಿತಿರುತ್ತಾನೆ. ಸೌಟು ಕಸಿದುಕೊಂಡರೆ ಅವನು ಕಲಿಯುವುದು ಕೈಕಟ್ಟಿ ನಿಲ್ಲುವುದನ್ನು ಮಾತ್ರ.

ಎಲ್ಲಿ ಸುಮ್ಮನಿರಬೇಕೆಂಬಂತೆ ಎಲ್ಲಿ ಸುಮ್ಮನಿರಬಾರದೆಂಬುದೂ ಶಿಕ್ಷಣದಿಂದಲೇ ಬರಬೇಕು. ಮಳೆಗಾಲದ ಜುಹೂ ಕಡಲಿಗೆ ಮಕ್ಕಳನ್ನು ಇಳಿಸಬಾರದು. ಹೊರಟಾಗಲೂ ಮರಳುವಾಗಲೂ ತಲೆ ಎಣಿಸಬೇಕು. ಎಷ್ಟೇ ನಂಬಿಕೆಯವನಾದರೂ ಒಬ್ಬನೇ ಹಿರಿಯನ ವಶದಲ್ಲಿ ಮಗುವನ್ನು ಏಕಾಂತದಲ್ಲಿ ಬಿಡಬಾರದು. ಈ ಕೊನೆಯ ನಿಯಮ ಯಾರ ಮೇಲಿನ ಸಂಶಯವೂ ಅಲ್ಲ; ಮಗುವಿಗೂ ಹಿರಿಯನಿಗೂ ಅದೇ ರಕ್ಷಣೆ. ಒಳ್ಳೆಯ ಮನಸ್ಸು ಈ ವಿಷಯಗಳನ್ನು ತಾನಾಗಿ ತಿಳಿಸಿಕೊಡುವುದಿಲ್ಲ.

ತಂದೆ ಬೆಳಗಿನ ಪಾಳಿಗೆ, ತಾಯಿ ಕೆಲಸಕ್ಕೆ ಹೊರಟುಹೋದ ಮನೆಗಳಲ್ಲಿ ಶಾಲೆ ಬಿಟ್ಟ ಮೇಲೆ ನಮ್ಮ ಮಕ್ಕಳು ಯಾರ ಜೊತೆಗಿರುತ್ತಾರೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಪ್ರತಿಯೊಂದು ಸಂಘವೂ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಆರಿಸಿ ಶಿಬಿರಕ್ಕೆ ಕಳುಹಿಸಲಿ. ಅವರ ವೆಚ್ಚವನ್ನು ವಾರ್ಷಿಕೋತ್ಸವದ ಹಾರ ತುರಾಯಿಗಳಲ್ಲಿ ಉಳಿಸಲಿ. ಕಾರಕೂನರಿಗೆ ರಜೆಯ ಹಕ್ಕಿದೆ. ಹೋಟೆಲಿನ ನೌಕರನಿಗೆ ಅದು ಮಾಲೀಕನ ಮನಸ್ಸಿನಲ್ಲಿದೆ. ಆದುದರಿಂದ ಮಾಲೀಕ ಬಂಧುಗಳಲ್ಲಿ ಒಂದು ಬಿನ್ನಹ: ಮದುವೆಗೆ, ಊರ ಜಾತ್ರೆಗೆ ರಜೆ ಕೊಡುವಂತೆ ಇದಕ್ಕೂ ಒಂದು ವಾರದ ರಜೆಯನ್ನು ಸಂಬಳ ಹಿಡಿಯದೆ ಕೊಡಿರಿ. ಮರಳಿ ಬಂದವನು ನಿಮ್ಮ ಅಂಗಡಿಯ ಕಿರಿಯರೊಡನೆ ಮಾತನಾಡುವ ರೀತಿಯೂ ಬದಲಾಗಿರುವುದನ್ನು ನೀವೇ ಕಾಣುವಿರಿ.