ಎರಡು ಸ್ವರ ಕೇಳಿದ್ರ ಮನಸ್ಸು ಯಾಕ ಹಿಂದಕ್ಕ ಓಡ್ತದ?

ಹಳೆ ಕಾರು ರಿವರ್ಸ್ ಹೋಗುವಾಗ
ಒಂದು ಟ್ಯೂನ್ ಬರ್ತಿತ್ತು, ನೆನಪದ ಏನ್ರಿ?
ಅದನ್ನ ಬರದವ್ರು ಯಾರು ಗೊತ್ತದ?

ಬೀಥೋವನ್!
ಹೆಸರು ‘ಫ್ಯೂರ್ ಎಲಿಸೆ’.
1810ರಾಗ ಪಿಯಾನೋಕ್ಕಂತ ಬರದದ್ದು.
ಪೂರಾ ನುಡಿಸಿದ್ರೂ ಮೂರು ನಿಮಿಷ.

ಶುರುವಾತು ಕೇಳ್ರಿ.
ಪಿಯಾನೋದ ಮ್ಯಾಲ ಅಕ್ಕಪಕ್ಕದ ಎರಡೇ ಮನಿ (ಕೀ).
ಒಂದು ಬಿಳಿ, ಒಂದು ಕರಿ.
ಮುಂದ ಹೋಗಲೋ ಬ್ಯಾಡೋ ಅಂತ
ಬೆರಳು ಅಲ್ಲೇ ತೂಗಾಡ್ತದ.
ಅಷ್ಟಕ್ಕೇ ಕಣ್ಣು ತುಂಬ್ತಾವ.

ಯಾಕ?
ಪರಿಚಯದ ರಾಗ ಕಿವಿಗೆ ಬಿದ್ರ
ಮೆದುಳಿನಾಗ ನೆನಪು, ಭಾವನೆ
ಎರಡೂ ಕೂಡೇ ಎಚ್ಚರಾಗ್ತಾವ.
ಒಣಗಿದ ಎರಿಹೊಲಕ್ಕ ಮೊದಲ ಮಳಿ ಬಿದ್ದಂಗ.
ಹನಿ ನಾಕೇ,
ಮಣ್ಣಿನ ವಾಸನಿ ಊರ ತುಂಬ!

ನಮ್ಮ ರಾಯಚೂರು ಕಡೆ
ಆ ಕೆಲಸ ಮಾಡೋದು ಹಾರ್ಮೋನಿಯಂ.
ಅದೂ ಯುರೋಪಿನಿಂದ ಬಂದದ್ದೇ.
ಅವೇ ಕರಿ-ಬಿಳಿ ಮನಿ.

ಅದರ ಜೊತಿಗೆ ಹಾಡೋದು ದಾಸರ ಪದ.
ಆ ಪದ ಬರದವ್ರಾಗ ಇಬ್ರು ನಮ್ಮ ಕಡೆಯವ್ರೇ:
ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು,
ಅವರ ಶಿಷ್ಯರು ಮಾನವಿಯ ಜಗನ್ನಾಥದಾಸರು.
ಜಗನ್ನಾಥದಾಸರು ತೀರಿಕೊಂಡದ್ದು 1809ರಾಗ.
ವಿಯೆನ್ನಾದಾಗ ಆ ಟ್ಯೂನ್ ಹುಟ್ಟಿದ್ದು
ಮರುವರ್ಷ!

ಇವತ್ತಿಗೂ ಭಜನಿ ಶುರುವಾಗೋ ಮುಂಚೆ
ಹಾರ್ಮೋನಿಯಂನ ತಿದಿ ಒತ್ತಿದ ಕೂಡ್ಲೇ
ಅಜ್ಜಿ ಕಣ್ಣು ಮುಚ್ತಾಳ.
ತೊಡಿ ಮ್ಯಾಲ ಬೆರಳು ತಾಳ ಹಾಕ್ತಾವ.
ಪದ ಇನ್ನೂ ಶುರುನೇ ಆಗಿರಲ್ಲ!

ನನಗ ಕೇಳಿದ್ರ,
ಅಜ್ಜಿ ಹಾಡೋ ಆ ಪದದ ಧಾಟಿ ಬೀಥೋವನ್‌ಗಿಂತ ಒಂದು ಕೂದಲೂ ಕಮ್ಮಿ ಇಲ್ಲ.
ಆದ್ರ ಬೀಥೋವನ್ ತನ್ನ ಸ್ವರ ಬರದಿಟ್ಟ.
ಅವನು ಸತ್ತು 40 ವರ್ಷಕ್ಕ, 1867ರಾಗ,
ಆ ಟ್ಯೂನ್ ಅಚ್ಚಾಗಿ ಲೋಕಕ್ಕ ಸಿಕ್ತು.
ನಮ್ಮ ಅಜ್ಜಿಯರ ಧಾಟಿ
ಬಾಯಿಂದ ಬಾಯಿಗೇ ಬಂದದ.

ಇವತ್ತೇ ಫೋನ್ ತಗೋರಿ.
ಮನಿಯಾಗ ಅಜ್ಜಿ, ಅವ್ವ ಹಾಡೋ ಒಂದು ದಾಸರ ಪದ
ರೆಕಾರ್ಡ್ ಮಾಡಿ ಇಟ್ಕೋರಿ.