ತಾಲ್ಲೂಕಿಗೂ ಇಲಾಖೆಗೂ ಏನು ನಂಟು?

ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದೆ. ‘ತಾಲ್ಲೂಕು: ಗುಂಡ್ಲುಪೇಟೆ’ ಎಂದು ಬರೆಯುವಾಗ ಪಕ್ಕದಲ್ಲಿದ್ದ ಗೆಳೆಯ, ಅರ್ಜಿಯ ಮೇಲ್ಗಡೆ ಅಚ್ಚಾಗಿದ್ದ ಇಲಾಖೆಯ ಹೆಸರಿನ ಮೇಲೆ ಬೆರಳಿಟ್ಟು, ‘ತಾಲ್ಲೂಕು, ಇಲಾಖೆ ಎರಡೂ ಒಂದೇ ತಾಯಿಯ ಮಕ್ಕಳು, ಗೊತ್ತೇನೋ?’ ಎಂದ. ಅವನು ಚಿಕ್ಕಂದಿನಲ್ಲಿ ಮದರಸಾದಲ್ಲಿ ಅರಬ್ಬಿ ಕಲಿತವನು. ನಾನೋ, ತಾಲ್ಲೂಕು ಅಚ್ಚಕನ್ನಡದ ಪದ ಎಂದೇ ತಿಳಿದಿದ್ದೆ.

ಅರಬ್ಬಿಯ ಬಹುಪಾಲು ಪದಗಳಿಗೆ ಮೂರು ವ್ಯಂಜನಗಳ ಬೇರು ಇರುತ್ತದಂತೆ. ಆ ಬೇರನ್ನು ಬೇರೆ ಬೇರೆ ಅಚ್ಚಿಗೆ ಹಾಕಿದರೆ ಬೇರೆ ಬೇರೆ ಪದ. ನಮ್ಮ ವರ್ಕ್‌ಶಾಪ್‌ನಲ್ಲಿ ಒಂದೇ ಲೋಹವನ್ನು ಹಲವು ಅಚ್ಚುಗಳಿಗೆ ಎರೆಯುವ ಹಾಗೆ! ಇಲ್ಲಿರುವ ಬೇರು ಐನ್, ಲಾಮ್, ಕಾಫ್. ಅರ್ಥ: ನೇತಾಡು, ಅಂಟಿಕೊಳ್ಳು. ಕಚ್ಚಿ ನೇತಾಡುವ ಜಿಗಣೆ ‘ಅಲಕ್’. ತೂಗುಹಾಕಿದ್ದು ‘ಮುಅಲ್ಲಕ್’, ತೀರ್ಮಾನವಾಗದೆ ಬಾಕಿ ಉಳಿದದ್ದಕ್ಕೂ ಅದೇ ಮಾತು. ಉರ್ದು ಬರೆಯುವ ‘ನಸ್ತಾಲೀಕ್’ ಲಿಪಿಯ ಹೆಸರಲ್ಲೂ ಇದೇ ಬೇರಿದೆ. ಅಕ್ಷರಗಳು ಇಳಿಬಿದ್ದಂತೆ ಕಾಣುತ್ತವಲ್ಲ! ‘ಇಲಾಕಾ’, ‘ತಅಲ್ಲುಕ್’ ಎಂದರೆ ಸಂಬಂಧ, ನಂಟು.

ಇವೆರಡೂ ಪಾರಸಿ ಆಡಳಿತ ಭಾಷೆಯ ಮೂಲಕ ನಮ್ಮಲ್ಲಿಗೆ ಬಂದವು. ‘ಐನ್’ ಸದ್ದು ಕನ್ನಡದಲ್ಲಿಲ್ಲ, ಬಿದ್ದುಹೋಯಿತು. ಗಂಟಲಾಳದ ‘ಕಾಫ್’ ಒಂದರಲ್ಲಿ ‘ಕ’ ಆಯಿತು, ಇನ್ನೊಂದರಲ್ಲಿ ‘ಖ’. ಹೀಗಾಗಿ ಒಡಹುಟ್ಟಿದವರ ಗುರುತೇ ನಮಗೆ ಸಿಗುವುದಿಲ್ಲ. ‘ತಅಲ್ಲುಕ್’ನ ಜೋಡಿ ಲಾಮ್ ಮಾತ್ರ ತಾಲ್ಲೂಕಿನ ‘ಲ್ಲೂ’ದಲ್ಲಿ ಇನ್ನೂ ಉಳಿದಿದೆ.

ಅವನು ಹೇಳುತ್ತಿದ್ದರೆ ನನಗೆ ಬೇರೇನೋ ನೆನಪಾಗಿ ಕಿವಿ ಬಿಸಿಯಾಯಿತು. ಹಿಂದಿನ ವಾರ ಅಣಕು ಸಂದರ್ಶನದಲ್ಲಿ ‘ನಿಮ್ಮ ಊರು?’ ಎಂದು ಕೇಳಿದಾಗ ‘ಮೈಸೂರು ಹತ್ತಿರ’ ಎಂದಿದ್ದೆ. ಅದೇ ಗೆಳೆಯ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದ. ಕೇರಳ, ತಮಿಳುನಾಡಿನ ಗಡಿಗೆ ತಾಗಿ ನಕ್ಷೆಯ ಅಂಚಿನಲ್ಲಿ ನೇತಾಡುವ ತಾಲ್ಲೂಕು ಎಂದು ನನಗೇ ಕೀಳರಿಮೆ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಬಸ್‌ನಲ್ಲಿ ಜೋತುಬಿದ್ದು ಬರುವ ಚಾಮರಾಜನಗರವೂ 1997ರವರೆಗೆ ಮೈಸೂರು ಜಿಲ್ಲೆಯ ಒಂದು ತಾಲ್ಲೂಕೇ ಆಗಿತ್ತು ಎಂಬುದು ಆಗ ನೆನಪಾಗಲಿಲ್ಲ.

ನೇತಾಡುವುದಕ್ಕೂ ನಂಟಿಗೂ ಅರಬ್ಬಿಯಲ್ಲಿ ಬೇರು ಒಂದೇ. ಯೋಚಿಸಿದರೆ ಸರಿಯೇ. ಕೊಂಬೆಯ ನಂಟು ಇರುವ ತನಕ ತಾನೇ ಕಾಯಿ ನೇತಾಡುವುದು?

ನಮ್ಮಲ್ಲಿ ಅನೇಕರು ಇಂದು ಯಾವುದೋ ಇಲಾಖೆಯ ಪರೀಕ್ಷೆಗೆ ಓದುತ್ತಾ, ಫಲಿತಾಂಶಕ್ಕೆ ಕಾಯುತ್ತಾ ‘ಮುಅಲ್ಲಕ್’ ಆಗಿಯೇ ಇದ್ದೇವೆ. ಆದರೆ ಅರ್ಜಿಯಲ್ಲಿ ತಾಲ್ಲೂಕಿನ ಹೆಸರು ಬರೆಯುವಾಗ ನಾವು ಯಾರಿಗೆ ಸೇರಿದವರು ಎಂಬುದನ್ನೂ ಬರೆದಿರುತ್ತೇವೆ.

ಮುಂದಿನ ತಿಂಗಳು ಮತ್ತೊಂದು ಅಣಕು ಸಂದರ್ಶನವಿದೆ. ಉತ್ತರ ಸಿದ್ಧವಾಗಿದೆ: ‘ಗುಂಡ್ಲುಪೇಟೆ ತಾಲ್ಲೂಕು, ಸರ್.’